ಚಿತ್ರವಿಲ್ಲದ ಚೌಕಟ್ಟು

ಗೊತ್ತಿದ್ದ ನಾಟಕವನ್ನು ಮತ್ತೆ ನೋಡುವುದಕ್ಕಾಗಿ ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ ಬಸ್ಸಿನಲ್ಲಿ ಹೋಗಬೇಕೆ ಎಂದು ಮನೆಯಲ್ಲಿ ಕೇಳಿದರು. ಪ್ರಶ್ನೆಯೇನೋ ನ್ಯಾಯವಾದದ್ದೇ. ಆದರೆ ನಮ್ಮ ಕಡೆಯ ಜನ ಗೊತ್ತಿಲ್ಲದ ಕಥೆಗಾಗಿ ರಾತ್ರಿಯೆಲ್ಲ ಕಣ್ಣು ತೆರೆದು ಕುಳಿತವರಲ್ಲ. ನಾನು ಚಿಕ್ಕವನಿದ್ದಾಗ ಊರ ಜಾತ್ರೆಯಲ್ಲಿ 'ಶ್ರೀಕೃಷ್ಣ ಪಾರಿಜಾತ' ನಡೆಯುತ್ತಿತ್ತು. ನಾರದ ತಂದ ಹೂವು ರುಕ್ಮಿಣಿಯ ಪಾಲಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಪೇಚಿಗೆ ಸಿಗುತ್ತಾನೆ ಎಂಬುದು ಆಟ ನೋಡಲು ಬಂದ ಎಮ್ಮೆ ಕಾಯುವ ಹುಡುಗನಿಗೂ ತಿಳಿದಿತ್ತು. ಆದರೂ ಹೂವಿನ ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುವ ಹೊತ್ತಿಗೆ ಮಲಗಿದ್ದ ಮಕ್ಕಳನ್ನು ತಾಯಂದಿರು ತಟ್ಟಿ ಎಬ್ಬಿಸುತ್ತಿದ್ದರು. ಮುಂದೇನಾಗುವುದು ಎಂಬುದಕ್ಕಿಂತ, ಆಗುವುದು ಹೇಗೆ ಆಗುವುದು ಎಂಬುದರಲ್ಲಿ ನಮಗೆ ಹೆಚ್ಚು ಆಸಕ್ತಿ. ಹಳೆಯ ನಾಟಕ ಹಳೆಯ ನೆಂಟನಂತೆ. ಅವನು ಹೇಳುವ ಮಾತೆಲ್ಲ ಗೊತ್ತಿದ್ದರೂ ಬಂದಾಗ ಸಂತೋಷವೇ.

ನಿಪ್ಪಾಣಿಯಲ್ಲಿ ಆ ರಾತ್ರಿ ಇದ್ದದ್ದು ಮರಾಠಿಯ 'ಸಂಶಯಕಲ್ಲೋಳ'. ಆಡಿದವರು ಊರಿನ ಹವ್ಯಾಸಿಗಳು: ಇಬ್ಬರು ಶಿಕ್ಷಕಿಯರು, ಒಬ್ಬ ಔಷಧ ವ್ಯಾಪಾರಿ, ಒಬ್ಬ ಬ್ಯಾಂಕಿನ ಗುಮಾಸ್ತ, ಕಾಲೇಜಿಗೆ ಹೋಗುವ ಕೆಲವು ಹುಡುಗರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅಲ್ಲಿ ತಂಬಾಕಿನ ವ್ಯಾಪಾರದಲ್ಲಿರುವವನು, ಬರಲೇಬೇಕೆಂದು ಹಟ ಹಿಡಿದಿದ್ದ.

ಈ ನಾಟಕದ ವಂಶವೃಕ್ಷ ಸ್ವಾರಸ್ಯವಾದದ್ದು. ಇದನ್ನು ಬರೆದ ಗೋವಿಂದ ಬಲ್ಲಾಳ ದೇವಲರು 1855ರಲ್ಲಿ ಸಾಂಗಲಿಯ ಹತ್ತಿರದ ಹರಿಪುರದಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಓದಿದವರು. ಅವರ ನಾಟ್ಯಗುರು ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮೊದಲು ಫಾಲ್ಗುಣರಾವನ ಹೆಸರಿನಲ್ಲಿ ಗದ್ಯವಾಗಿದ್ದ ನಾಟಕಕ್ಕೆ ದೇವಲರು ಮುಂದೆ ಹಾಡುಗಳನ್ನು ಕೂಡಿಸಿದರು. 1916ರಲ್ಲಿ ಅವರು ತೀರಿಕೊಂಡ ಮೇಲೆ, ಅದೇ ವರ್ಷ, ಗಂಧರ್ವ ನಾಟಕ ಮಂಡಳಿಯವರು ಅದನ್ನು ರಂಗಕ್ಕೆ ತಂದರು. ಆದರೆ ಕಥೆ ಅವರದಲ್ಲ. ಇಂಗ್ಲಿಷ್ ನಾಟಕಕಾರ ಆರ್ಥರ್ ಮರ್ಫಿ 1761ರಲ್ಲಿ ಆಡಿಸಿದ ಪ್ರಹಸನದಿಂದ ಅವರು ಅದನ್ನು ತೆಗೆದುಕೊಂಡರು. ಮರ್ಫಿಗೆ ಅದು ಬಂದದ್ದು ಫ್ರೆಂಚ್ ಕವಿ ಮೋಲಿಯೇರನ 1660ರ ಪ್ರಹಸನದಿಂದ. ಪ್ಯಾರಿಸಿನಲ್ಲಿ ಮೋಲಿಯೇರ ತಾನೇ ಸಂಶಯಗಾರ ಗಂಡನ ವೇಷ ಹಾಕಿ ಜನರನ್ನು ನಗಿಸಿದ್ದ. ಅದೇ ಗಂಡ ಲಂಡನ್ನಿನಲ್ಲಿ ಬಟ್ಟೆ ಬದಲಿಸಿ, ಪುಣೆಯ ಪಗಡಿ ಸುತ್ತಿಕೊಂಡು, ಮೊನ್ನೆ ರಾತ್ರಿ ನಿಪ್ಪಾಣಿಯ ಔಷಧ ವ್ಯಾಪಾರಿಯ ಮೈಯಲ್ಲಿ ಇಳಿದಿದ್ದ. ದೇಶ ಯಾವುದಾದರೇನು, ಹೆಂಡತಿಯ ಮೇಲೆ ಸಂಶಯಪಡುವ ಗಂಡನಿಗೆ ಎಲ್ಲೆಡೆಯೂ ಮನೆಯುಂಟು.

ಕಥೆ ಇಷ್ಟು. ರೇವತಿ ಎಂಬ ತರುಣಿ ಬಿಸಿಲಿಗೆ ಬವಳಿ ಬಂದು ಬೀಳುತ್ತಾಳೆ. ದಾರಿಯಲ್ಲಿದ್ದ ಫಾಲ್ಗುಣರಾವ ಅವಳಿಗೆ ಉಪಚಾರ ಮಾಡುತ್ತಾನೆ. ಅವನ ಹೆಂಡತಿ ಕೃತ್ತಿಕೆ ಅದನ್ನು ಕಂಡು ಗಂಡನ ಮೇಲೆ ಸಂಶಯಪಡುತ್ತಾಳೆ. ರೇವತಿಯ ಕೈಯಿಂದ ಜಾರಿದ ತಸಬೀರು, ಅವಳ ಪ್ರಿಯ ಅಶ್ವಿನಶೇಠ ಕೊಟ್ಟ ಅವನದೇ ಚಿತ್ರ, ಕೃತ್ತಿಕೆಯ ಕೈಸೇರುತ್ತದೆ. ಹೆಂಡತಿಯ ಕೈಯಲ್ಲಿ ಚೆಲುವನೊಬ್ಬನ ಚಿತ್ರ ಕಂಡ ಫಾಲ್ಗುಣರಾವನಿಗೆ ಅವಳ ಮೇಲೆ ಸಂಶಯ. ತಾನು ಕೊಟ್ಟ ಕಾಣಿಕೆ ಪರರ ಕೈಗೆ ಹೋದುದನ್ನು ತಿಳಿದ ಅಶ್ವಿನಶೇಠನಿಗೆ ರೇವತಿಯ ಮೇಲೆ ಸಂಶಯ. ರೇವತಿಗೆ ಅವನ ಮೇಲೆ. ನಾಲ್ವರೂ ನಿರಪರಾಧಿಗಳು, ನಾಲ್ವರೂ ಅಪರಾಧಿಯನ್ನು ಹಿಡಿದೆವೆಂದು ನಂಬಿದವರು. ಕೊನೆಗೆ ಎಲ್ಲ ತಿಳಿಯಾಗಿ ಅಶ್ವಿನ-ರೇವತಿಯರು ಒಂದಾಗುತ್ತಾರೆ.

ಪ್ರಯೋಗ ಹವ್ಯಾಸಿಗಳದು, ಅದಕ್ಕೆ ತಕ್ಕ ಸೊಗಸೂ ಇತ್ತು, ತೊಡಕೂ ಇತ್ತು. ಪರದೆ ಅರ್ಧಕ್ಕೆ ನಿಂತು ಯಾರೋ ಬಂದು ಜಗ್ಗಬೇಕಾಯಿತು. ಫಾಲ್ಗುಣರಾವನ ಒಂದು ಮೀಸೆ ಸಡಿಲಾಗಿ, ಆತ ಸಿಟ್ಟಿನಿಂದ ಮುಖ ಸವರಿಕೊಳ್ಳುವ ನೆಪದಲ್ಲಿ ಅದನ್ನು ಒತ್ತಿಕೊಂಡ. ಹಾಡುಗಳಲ್ಲಿ ಅರ್ಧದಷ್ಟನ್ನು ಬಿಟ್ಟಿದ್ದರು. ಆದರೆ ಎಲ್ಲಕ್ಕಿಂತ ದೊಡ್ಡ ಅವಾಂತರ ತಸಬೀರಿನದು. ಅಶ್ವಿನಶೇಠನಾದ ಹುಡುಗನ ಭಾವಚಿತ್ರವನ್ನು ಚೌಕಟ್ಟಿನಲ್ಲಿ ಕೂಡಿಸುವುದನ್ನು ಯಾರೋ ಮರೆತಿದ್ದರು. ಕೃತ್ತಿಕೆ ಅದನ್ನು ದೀಪಕ್ಕೆ ಹಿಡಿದು ಚೆಲುವಿಕೆಯನ್ನು ಹೊಗಳುತ್ತಿದ್ದಾಗ ಮುಂದಿನ ಸಾಲಿನ ಹುಡುಗನೊಬ್ಬ, ಅದರಲ್ಲಿ ಫೋಟೋನೇ ಇಲ್ಲ ಎಂದು ಕೂಗಿದ. ಸಭೆಯೆಲ್ಲ ಗೊಳ್ಳೆಂದಿತು. ಕೃತ್ತಿಕೆ ಎದೆಗುಂದಲಿಲ್ಲ. ಖಾಲಿ ಚೌಕಟ್ಟನ್ನೇ ಕಣ್ತುಂಬ ನೋಡಿ ಮಾತು ಮುಂದುವರಿಸಿದಳು. ಮುಂದೆ ಫಾಲ್ಗುಣರಾವ ಅದೇ ಖಾಲಿ ಚೌಕಟ್ಟನ್ನು ಕಸಿದುಕೊಂಡು, ಇವನಾರು ಎಂದು ಗರ್ಜಿಸಿದ. ಅದಕ್ಕಿಂತ ಹೆಚ್ಚಿನ ನಗೆಯನ್ನು ಆ ರಾತ್ರಿ ಬೇರೆ ಯಾವ ಮಾತೂ ಗಳಿಸಲಿಲ್ಲ.

ನಾನೂ ಎಲ್ಲರೊಡನೆ ನಕ್ಕೆ. ನಗುತ್ತಲೇ ಒಂದು ಪ್ರಶ್ನೆ ಮನಸ್ಸಿಗೆ ಬಂದಿತು. ಈ ಫಾಲ್ಗುಣರಾವನನ್ನು ನೋಡಿ ನಗುವ ಅಧಿಕಾರ ನಮಗೆ ಬಂದದ್ದು ಎಲ್ಲಿಂದ? ತಸಬೀರು ಬಿದ್ದದ್ದನ್ನು ನಾವು ಕಂಡಿದ್ದೇವೆ, ಅವನು ಕಂಡಿಲ್ಲ. ಇಷ್ಟೇ ನಮಗೂ ಅವನಿಗೂ ಇರುವ ಅಂತರ. ಇದು ಬುದ್ಧಿಯ ಅಂತರವಲ್ಲ, ಕುರ್ಚಿಯ ಅಂತರ. ಟಿಕೀಟು ಕೊಂಡವನಿಗೆ ನಾಟಕಕಾರನು ಸತ್ಯವನ್ನು ಮೊದಲೇ ಕೊಟ್ಟಿರುತ್ತಾನೆ. ನಾಟಕ ಮುಗಿದು ಮನೆಗೆ ಹೋದ ಮೇಲೆ ನಮಗೆ ಆ ಕುರ್ಚಿ ಇಲ್ಲ. ನಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಓಣಿಯಲ್ಲಿ ನಾವೆಲ್ಲ ರಂಗದ ಮೇಲಿನವರೇ. ತಸಬೀರು ಎಲ್ಲಿಂದ ಬಿದ್ದಿತೆಂದು ಅಲ್ಲಿ ಯಾರೂ ನಮಗೆ ತೋರಿಸಿಲ್ಲ.

ಇಲ್ಲಿ ಇನ್ನೊಂದು ಸಂಗತಿ ನೆನಪಾಗುತ್ತದೆ. ನಗಿಸುವ ಈ ನಾಟಕ ಬರೆದ ದೇವಲರೇ 1890ರಲ್ಲಿ ಶೇಕ್ಸ್‌ಪಿಯರನ 'ಒಥೆಲೊ'ವನ್ನು 'ಝುಂಝಾರರಾವ' ಎಂಬ ಹೆಸರಿನಿಂದ ಮರಾಠಿಗೆ ತಂದಿದ್ದರು. ಅಲ್ಲಿಯೂ ಒಬ್ಬ ಸಂಶಯಗಾರ ಗಂಡ, ನಿರಪರಾಧಿ ಹೆಂಡತಿ, ಕೈತಪ್ಪಿದ ಒಂದು ಕ್ಷುಲ್ಲಕ ವಸ್ತು. ಮೂಲದಲ್ಲಿ ಅದು ಕೈವಸ್ತ್ರ, ಇಲ್ಲಿ ತಸಬೀರು. ಒಂದರಲ್ಲಿ ಹೆಂಡತಿಯ ಕೊಲೆಯಾಗುತ್ತದೆ, ಇನ್ನೊಂದರಲ್ಲಿ ಮದುವೆಯಾಗುತ್ತದೆ. ಸಂಶಯ ಒಂದೇ, ಸಾಕ್ಷ್ಯದ ತೂಕವೂ ಒಂದೇ. ಫಲ ಮಾತ್ರ ಏಕೆ ಇಷ್ಟು ಬೇರೆ?

ಒಥೆಲೊನ ಕಿವಿಯಲ್ಲಿ ವಿಷ ಹನಿಸುವ ಇಯಾಗೊ ಇದ್ದಾನೆ, ಫಾಲ್ಗುಣರಾವನಿಗೆ ಅಂಥವನಿಲ್ಲ ಎನ್ನಬಹುದು. ಅದು ನಿಜ. ಆದರೆ ಅಷ್ಟೇ ಕಾರಣವೆಂದು ನನಗೆ ತೋರುವುದಿಲ್ಲ. ಒಥೆಲೊ ಘನವಂತ, ಸೇನಾಪತಿ, ಗಂಭೀರ. ಅವನು ತನ್ನ ಸಂಶಯವನ್ನು ಒಬ್ಬನ ಹತ್ತಿರ ಮಾತ್ರ ಆಡುತ್ತಾನೆ. ಹೆಂಡತಿಯನ್ನು ಕೈವಸ್ತ್ರದ ಬಗ್ಗೆ ಗದರಿಸುತ್ತಾನೆ, ಬೈಯುತ್ತಾನೆ, ಆದರೆ ಯಾರ ಮೇಲೆ ಸಂಶಯ, ಏಕೆ ಸಂಶಯ ಎಂಬುದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಅವಳ ಹಾಸಿಗೆಯ ಹತ್ತಿರ ಕೊಲ್ಲಲು ಬಂದು ನಿಂತಿರುತ್ತಾನೆ. ಫಾಲ್ಗುಣರಾವನಿಗೆ ಆ ಘನತೆಯಿಲ್ಲ. ಅವನು ಒದರುತ್ತಾನೆ, ಬೀದಿಯಲ್ಲಿ, ಮನೆಯಲ್ಲಿ, ಆಳಿನ ಮುಂದೆ, ಅಪರಿಚಿತರ ಮುಂದೆ ಒದರುತ್ತಾನೆ. ಕೃತ್ತಿಕೆಯೂ ಅಷ್ಟೇ ಜೋರಾಗಿ ತಿರುಗಿ ಒದರುತ್ತಾಳೆ. ಪಾರಿಜಾತದ ಸತ್ಯಭಾಮೆಯೂ ದೂತಿಯ ಮುಂದೆ, ಕೃಷ್ಣನ ಮುಂದೆ, ಊರಿಗೆ ಊರೇ ಕೇಳುವಂತೆ ತನ್ನ ಹೊಟ್ಟೆಯ ಉರಿಯನ್ನು ಹಾಡುತ್ತಾಳೆ. ಹೀಗೆ ಹೊರಗೆ ಬಿದ್ದ ಸಂಶಯಕ್ಕೆ ಗಾಳಿ ತಗಲುತ್ತದೆ. ನಾಲ್ಕು ಜನ ಅದನ್ನು ತಿರುವಿ ನೋಡುತ್ತಾರೆ. ಸತ್ಯಕ್ಕೆ ಒಳಗೆ ಬರಲು ಒಂದು ಸಂದಿ ಸಿಗುತ್ತದೆ. ನಗೆಗೀಡಾಗಲು ಸಿದ್ಧನಾದವನು ಬದುಕಿಕೊಂಡ. ಸಿದ್ಧನಾಗದವನು ಕೊಂದ, ತಾನೂ ಸತ್ತ.

ಇನ್ನು ಸಂಶಯವೆಂಬ ಶಬ್ದದ ವಿಚಾರ. ಗೀತೆ ಸಂಶಯಾತ್ಮನಿಗೆ ಹೇಳಿದ ಕಟುವಾದ ಮಾತು ನಮಗೆಲ್ಲ ಬಾಯಿಪಾಠ. ಆದರೆ ನಮ್ಮ ನೈಯಾಯಿಕರು ಸಂಶಯವನ್ನು ಅಷ್ಟು ಕೀಳಾಗಿ ಕಂಡವರಲ್ಲ. ಗೌತಮನ ನ್ಯಾಯಸೂತ್ರ ಎಣಿಸುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಮಗ್ಗುಲಿಗೇ ಸಂಶಯಕ್ಕೆ ಮೂರನೆಯ ಮಣೆ. ಮುಸ್ಸಂಜೆಯಲ್ಲಿ ದೂರದಲ್ಲಿ ಏನೋ ನಿಂತಿದೆ. ಅದು ಮೋಟು ಮರವೋ, ಮನುಷ್ಯನೋ? ಎರಡು ಕೋಟಿಗಳ ನಡುವೆ ಮನಸ್ಸು ತೂಗಾಡುವುದೇ ಸಂಶಯ. ಹಾಗೆ ತೂಗಾಡುವುದರಿಂದಲೇ ಹತ್ತಿರ ಹೋಗಿ ನೋಡುವ ಇಚ್ಛೆ ಹುಟ್ಟುತ್ತದೆ. ಸಂಶಯವಿಲ್ಲದಲ್ಲಿ ವಿಚಾರಣೆಯಿಲ್ಲ. ಇದಕ್ಕೆ ಬೇರೆಯಾದದ್ದು ವಿಪರ್ಯಯ: ಹೊಳೆಯುವ ಸಿಂಪನ್ನು ಕಂಡು ಬೆಳ್ಳಿಯೆಂದು ನಿಶ್ಚಯಿಸುವುದು. ಅಲ್ಲಿ ತೂಗಾಟವಿಲ್ಲ, ಪ್ರಶ್ನೆಯಿಲ್ಲ. ತಪ್ಪು ಇದೆ, ಆದರೆ ಅದು ಖಚಿತವಾದ ತಪ್ಪು.

ಈ ಅಳತೆಗೋಲು ಹಿಡಿದು ನೋಡಿದರೆ ಫಾಲ್ಗುಣರಾವನಿಗೆ ಸಂಶಯವೇ ಇಲ್ಲ! ತಸಬೀರು ಕಂಡ ಕ್ಷಣದಲ್ಲಿ ಅವನಿಗೆ ಎಲ್ಲ ಗೊತ್ತಾಗಿಬಿಟ್ಟಿತು. 'ಹೀಗೂ ಇರಬಹುದು, ಹಾಗೂ ಇರಬಹುದು' ಎಂಬ ಇನ್ನೊಂದು ಕೋಟಿ ಅವನ ಮನಸ್ಸಿನಲ್ಲಿ ಏಳಲೇ ಇಲ್ಲ. ನಾವು ಯಾರನ್ನು ಸಂಶಯಖೋರರೆನ್ನುತ್ತೇವೆಯೋ ಅವರ ರೋಗ ಸಂಶಯ ಹೆಚ್ಚಾದುದಲ್ಲ, ಸಂಶಯ ಸಾಲದೆ ಹೋದುದು. ಅವರು ಪರರನ್ನು ಕುರಿತು ಸಂಶಯಪಡುತ್ತಾರೆ. ತಮ್ಮ ತೀರ್ಪನ್ನು ಕುರಿತು ಎಂದೂ ಪಡುವುದಿಲ್ಲ. ಅದಕ್ಕಾಗಿಯೇ ಅವರಿಗೆ ಚೌಕಟ್ಟು ಸಾಕು; ಚಿತ್ರವನ್ನು ತಾವೇ ಕೂಡಿಸಿಕೊಳ್ಳುತ್ತಾರೆ.

ಆ ಚಿತ್ರ ಎಲ್ಲಿಂದ ಬರುತ್ತದೆ? ಅಶ್ವಿನಶೇಠನನ್ನು ನೋಡಿ. ಒಳ್ಳೆಯವನು, ಸುಶಿಕ್ಷಿತ, ರೇವತಿಯನ್ನು ಮನಸಾರೆ ಪ್ರೀತಿಸುವವನು. ಆದರೆ ರೇವತಿ ನಾಯಕಿಣಿಯ ಮನೆಯಲ್ಲಿ ಹುಟ್ಟಿದವಳು. ತಾಯಿಯ ಕಸುಬು ಬೇಡ, ಒಬ್ಬನ ಹೆಂಡತಿಯಾಗಿ ಬಾಳುತ್ತೇನೆಂದು ಹಟ ಹಿಡಿದವಳು. ತಸಬೀರು ಕೈತಪ್ಪಿತೆಂದು ತಿಳಿದೊಡನೆ ಅಶ್ವಿನಶೇಠನಿಗೆ ಆ ಹಟ ಮರೆತು ಆ ಹುಟ್ಟು ನೆನಪಾಗುತ್ತದೆ. ಸಾಕ್ಷ್ಯ ಸಾಲದ ಕಡೆಯಲ್ಲಿ ನಾವು ಮನುಷ್ಯನ ಕುಲವನ್ನೋ, ಊರನ್ನೋ, ಭಾಷೆಯನ್ನೋ ತಂದು ತುಂಬುತ್ತೇವೆ. ಸಭೆಯಲ್ಲಿ ಇದಕ್ಕೆ ಯಾರೂ ನಗಲಿಲ್ಲ. ನನಗಂತೂ ಕುರ್ಚಿಯಲ್ಲಿ ಕೂಡ್ರುವುದು ಕಷ್ಟವಾಯಿತು. ಅದರ ಕಾರಣ ಹೇಳದೆ ಈ ಲೇಖನವನ್ನು ಮುಗಿಸಿದರೆ ನಾನು ಓದುಗರಿಗೆ ಮೋಸ ಮಾಡಿದಂತೆ.

ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು. 1986ರ ಸುಮಾರಿಗೆ ಕೃಷ್ಣೆಯ ದಂಡೆಯ ಒಂದು ಊರಿನ ಶಾಲೆಯಲ್ಲಿದ್ದೆ. ಅಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಮಿತ್ರರು ನಿಪ್ಪಾಣಿಯವರು; ಮನೆಮಾತು ಮರಾಠಿ. ನನಗಿಂತ ಹತ್ತು ವರ್ಷ ದೊಡ್ಡವರು. ಸಂಜೆಯ ಚಹಾ ಒಂದು ದಿನ ಅವರ ಮನೆಯಲ್ಲಿ, ಒಂದು ದಿನ ನಮ್ಮಲ್ಲಿ. ಆ ವರ್ಷ ಬೆಳಗಾವಿಯಲ್ಲಿ ಭಾಷೆಯ ಗಲಾಟೆ ಜೋರಾಗಿತ್ತು. ಈ ಸೀಮೆಯ ವ್ಯಾಜ್ಯ ಹಳೆಯದು. 1956ರಲ್ಲಿ ರಾಜ್ಯಗಳ ಪುನರ್ರಚನೆಯಾಯಿತು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಅದರ ನ್ಯಾಯಾನ್ಯಾಯ ಇಲ್ಲಿಯ ವಿಷಯವಲ್ಲ. ಅದು ನಮ್ಮ ಚಹಾದ ಬಟ್ಟಲಿನವರೆಗೆ ಬಂದಿತು ಎಂಬುದಷ್ಟೇ ನಾನು ಹೇಳಬೇಕಾದದ್ದು.

ಆ ದಿನಗಳಲ್ಲಿ ನನ್ನ ಮೇಲೆ ಹೆಸರಿಲ್ಲದ ಅರ್ಜಿಯೊಂದು ಹೋಯಿತು: ಈ ಮಾಸ್ತರರು ಪಾಠ ಬಿಟ್ಟು ಭಾಷೆಯ ರಾಜಕಾರಣ ಮಾಡುತ್ತಾರೆ ಎಂದು. ವಿಚಾರಣೆ ನಡೆಯಿತು, ಹುರುಳಿಲ್ಲವೆಂದು ಮುಗಿಯಿತು. ಆದರೆ ಅರ್ಜಿಯನ್ನು ನನಗೆ ಓದಲು ಕೊಟ್ಟಿದ್ದರು. ಕನ್ನಡದಲ್ಲಿಯೇ ಇತ್ತು, ಅದರಲ್ಲಿ 'ಶಾಲೆ' ಎಂಬುದನ್ನು 'ಶಾಳೆ' ಎಂದು ಬರೆದಿತ್ತು. ಮರಾಠಿಯವರು 'ಶಾಳಾ' ಎನ್ನುತ್ತಾರಲ್ಲವೆ? ನನಗೆ ಅಷ್ಟು ಸಾಕಾಯಿತು. ಆ ಊರಿನ ಅರ್ಧ ಜನ, ಅಪ್ಪಟ ಕನ್ನಡಿಗರು, 'ಶಾಳಾ' ಎಂದೇ ಅನ್ನುತ್ತಿದ್ದರು. ನನ್ನ ತಾಯಿಯೂ ಹಾಗೆಯೇ ಅನ್ನುತ್ತಿದ್ದಳು. ಅದು ಆಗ ನೆನಪಾಗಲಿಲ್ಲ. ಮಿತ್ರರು ಆ ದಿನಗಳಲ್ಲಿ ನನ್ನೆದುರು ಮಾತು ಕಡಿಮೆ ಮಾಡಿದಂತೆ ತೋರಿತು. ಅದು ಎರಡನೆಯ ಸಾಕ್ಷ್ಯವಾಯಿತು. ಮಾತು ಕಡಿಮೆ ಮಾಡಿದವನು ಮೊದಲು ನಾನೇ ಎಂಬುದೂ ನೆನಪಾಗಲಿಲ್ಲ. ನಾನು ಚಹಕ್ಕೆ ಹೋಗುವುದನ್ನು ಬಿಟ್ಟೆ. "ಯಾಕ ಮಾಸ್ತರ, ಆರಾಮ ಇಲ್ಲೇನು?" ಎಂದು ಅವರು ಒಮ್ಮೆ ಕೇಳಿದರು. "ಆರಾಮ ಅದೇನ್ರೀ" ಎಂದೆ. ಅಷ್ಟೇ. ಮರುವರ್ಷ ಅವರಿಗೆ ವರ್ಗವಾಯಿತು.

ಜಗಳವಾಡಲಿಲ್ಲ, ಯಾರ ಮುಂದೆಯೂ ಅವರ ಹೆಸರೆತ್ತಲಿಲ್ಲ ಎಂಬುದನ್ನು ನಾನು ಇಷ್ಟು ವರ್ಷ ನನ್ನ ಸಹನೆಯೆಂದು ಎಣಿಸಿಕೊಂಡಿದ್ದೆ. ಆ ರಾತ್ರಿ ಫಾಲ್ಗುಣರಾವ ಖಾಲಿ ಚೌಕಟ್ಟು ಹಿಡಿದು ಒದರುವುದನ್ನು ನೋಡುತ್ತ, ಇವನು ನನಗಿಂತ ಮೇಲು ಎನ್ನಿಸಿತು. ಇವನು ಕೇಳಿದ, ನಾನು ಕೇಳಲಿಲ್ಲ. ಕೇಳಿದರೆ ಎರಡೇ ಸಾಧ್ಯತೆ: ಅವರು ಹೌದೆನ್ನಬಹುದಿತ್ತು, ಆಗ ಜಗಳವಾಗುತ್ತಿತ್ತು, ಅಲ್ಲವೆನ್ನಬಹುದಿತ್ತು, ಆಗ ನಾನು ಸಣ್ಣವನಾಗುತ್ತಿದ್ದೆ. ಜಗಳಕ್ಕೆ ನಾನು ಹೆದರಲಿಲ್ಲ. ಸಣ್ಣವನಾಗಲು ಹೆದರಿದೆ. ನಾನು ಸಹನೆ ಎಂದದ್ದು ಒಥೆಲೊನ ಘನತೆಯ ಬಡ ನೆಂಟನಷ್ಟೇ ಆಗಿತ್ತು. ಹೆದರಿಕೆಯಿರುವ ಮನೆಯಲ್ಲಿ, ಬಾಯಿ ತೆರೆದರೆ ಏಟು ಬೀಳುವಲ್ಲಿ, ಸುಮ್ಮನಿರುವುದೇ ವಿವೇಕವಾಗಬಹುದು. ಎಲ್ಲರಿಗೂ ಒಂದೇ ಸೂತ್ರ ಹೇಳಲಾರೆ. ಆದರೆ ಸರಿಸಮಾನ ಮಿತ್ರರ ನಡುವಿನ ಮೌನಕ್ಕೆ ಆ ಕ್ಷಮೆ ಸಲ್ಲದು.

ನಾಟಕ ಮುಗಿದಾಗ ಒಂದು ಗಂಟೆ. ವಿದ್ಯಾರ್ಥಿಯ ಮನೆಯಲ್ಲಿ ಮಲಗಿ, ಮುಂಜಾನೆ ಅವನಿಂದ ವಿಳಾಸ ತಿಳಿದು ಹೋದೆ. ಮಿತ್ರರಿಗೆ ಎಂಬತ್ತರ ಹತ್ತಿರ, ಕಿವಿ ಮಂದ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು, ಹಿಡಿದ ಮೇಲೆ ಕೈ ಬಿಡಲಿಲ್ಲ. ಚಹಾ ಬಂದಿತು. ಸಂಗತಿಯನ್ನು ಎತ್ತುವುದು ಸುಲಭವಾಗಿರಲಿಲ್ಲ. ಕಿವಿ ಮಂದವಾದ್ದರಿಂದ ನಾನು ಅದನ್ನು ಕೂಗಿ ಕೇಳಬೇಕಾಯಿತು; ಒಳಗಿನಿಂದ ಸೊಸೆ ಇಣುಕಿ ನೋಡಿದಳು. ಫಾಲ್ಗುಣರಾವನ ಪಾಡು ನನಗೂ ಬಂದಿತ್ತು.

ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು. "ನಿಮ್ಮ ಮ್ಯಾಲೆ ಏನೋ ವಿಚಾರಣೆ ಆಗಿತ್ತು, ಹೌದು. ನಾ ಏನೂ ಬರದಿಲ್ಲಪಾ" ಎಂದರು.

ಒಪ್ಪಿಕೊಳ್ಳಬೇಕು: ಆ ಕ್ಷಣವೂ ನನ್ನೊಳಗಿನ ಹಳೆಯ ಧ್ವನಿ, 'ಬರೆದಿದ್ದರೂ ಇದನ್ನೇ ಅನ್ನುತ್ತಿದ್ದರಲ್ಲ' ಎಂದಿತು. ಅಲ್ಲಿಯೇ ನನಗೆ ಇನ್ನೊಂದು ವಿಷಯ ತಿಳಿಯಿತು. ವಿಶ್ವಾಸವೆಂಬುದು ಸಾಕ್ಷ್ಯಗಳನ್ನೆಲ್ಲ ಕೂಡಿಸಿ ಕೊನೆಗೆ ಬರುವ ಮೊತ್ತವಲ್ಲ. ಯಾವ ಸಾಕ್ಷ್ಯವನ್ನೂ ಬೇಕಾದವನು ತಿರುವಿ ಹಾಕಬಹುದು. ಕೊನೆಯ ಅಂಕದ ಮೇಲೆ ಇನ್ನೂ ಒಂದು ಅಂಕವಿದ್ದರೆ ಫಾಲ್ಗುಣರಾವನೂ ಎಲ್ಲರೂ ಸೇರಿ ತನ್ನನ್ನು ಮೋಸಗೊಳಿಸಿದರೆಂದು ಹೊಸದಾಗಿ ಆರಂಭಿಸಬಹುದಿತ್ತು. ಅವನು ಆರಂಭಿಸುವುದಿಲ್ಲ, ಸಾಕೆನ್ನುತ್ತಾನೆ. ಎಲ್ಲಿಯೋ ಒಂದು ಕಡೆ ಮನುಷ್ಯ ತಾನಾಗಿ ಸಾಕೆನ್ನಬೇಕಾಗುತ್ತದೆ. ಕೇಳುವುದು ನಮ್ಮ ಕರ್ತವ್ಯ, ಕೇಳಿದ ಮೇಲೆ ನಂಬುವುದು ನಮ್ಮ ನಿರ್ಧಾರ. ನಾನು ಬಟ್ಟಲೆತ್ತಿ ಚಹಾ ಕುಡಿದೆ.

"ಸುಮಾರು ನಾಲ್ವತ್ತು ವರ್ಷ ಆದುವಲ್ಲ ಮಾಸ್ತರ, ಅವತ್ತ ಯಾಕ ಕೇಳಲಿಲ್ಲ?" ಎಂದು ಅವರು ಕೇಳಿದರು. ಅದಕ್ಕೆ ಕೊಡುವಂಥ ಉತ್ತರ ನನ್ನಲ್ಲಿರಲಿಲ್ಲ. ಅವರೂ ಹೆಚ್ಚು ಹೊತ್ತು ಕಾಯಲಿಲ್ಲ. ತರುಣರಾಗಿದ್ದಾಗ ತಾವೂ ಆ ನಾಟಕದಲ್ಲಿ ಆಳಿನ ಪಾತ್ರ ಮಾಡಿದ್ದುದನ್ನು ನೆನೆದು, ಈಗಿನ ಹುಡುಗರು ಹೇಗೆ ಆಡಿದರೆಂದು ವಿಚಾರಿಸತೊಡಗಿದರು. ತಸಬೀರಿನ ಸಂಗತಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ತಿಂಗಳು ಚಿಕ್ಕೋಡಿಗೆ ಬರುತ್ತೇನೆ, ಈ ಸಲ ಚಹಾ ನಿಮ್ಮ ಮನೆಯದು ಎಂದರು. ಲೆಕ್ಕ ಅವರು ಮರೆತಿರಲಿಲ್ಲ.